ಹದ್ದಿನ ಕ್ಯಾಸೆಟ್ಟಿನ ಸೀಟಿ

ಬೇರೆಯವರ ಮಾತನ್ನು ಅನುಮಾನಿಸುವುದು ಬಹಳ ಸುಖದ ಕೆಲಸ. ಖರ್ಚಿಲ್ಲ, ಶ್ರಮವಿಲ್ಲ, ಮೇಲಾಗಿ ನಾಲ್ಕು ಜನರ ನಡುವೆ ಬುದ್ಧಿವಂತ ಎನ್ನಿಸಿಕೊಳ್ಳಬಹುದು. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಬಳ್ಳಾರಿಯ ಒಂದು ಕಾಲೇಜಿನಲ್ಲಿ ಹಾಜರಿಗಾಗಿ ಮಾತ್ರ ಬಂದು ಕೂರುವ ಹುಡುಗರಿಗೆ ತರ್ಕಶಾಸ್ತ್ರ ಹೇಳುತ್ತ ಬಂದವನು. ‘ಅದಕ್ಕೆ ಆಧಾರ ಏನು?’ ಎಂಬ ಪ್ರಶ್ನೆಯನ್ನು ಜ್ಯೋತಿಷಿಗಳಿಗೆ ಕೇಳಿದ್ದೇನೆ, ಬೀಗರಿಗೆ ಕೇಳಿದ್ದೇನೆ, ‘ಬಸ್ಸು ಈಗ ಬಿಡುತ್ತದೆ’ ಎಂದ ಹಲಕುಂದಿ ಬಸ್ಸಿನ ಕಂಡಕ್ಟರಿಗೂ ಕೇಳಿದ್ದೇನೆ. ಆತ ಸೀಟಿ ಊದಿ, ನನ್ನನ್ನು ಕೆಳಗೇ ಬಿಟ್ಟು, ಆಧಾರ ತೋರಿಸಿಕೊಟ್ಟ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಒಬ್ಬನಿಗೆ ಮಾತ್ರ ಕೇಳಿರಲಿಲ್ಲ. ಅವನು ನಾನೇ. ಹೋದ ಬೇಸಿಗೆಯಲ್ಲಿ ಅದೂ ಆಯಿತು. ಅದಕ್ಕೆ ಕಾರಣ ಒಂದು ಹಾರ್ಡ್ ರಾಕ್ ಬ್ಯಾಂಡು.

ಹಾರ್ಡ್ ರಾಕ್ ಎಂದರೆ, ಕೇಳದವರಿಗೆ ಹೇಳುವುದಾದರೆ, ಗಿಟಾರನ್ನು ನುಡಿಸುವ ಬದಲು ಅದರೊಂದಿಗೆ ಜಗಳ ಆಡುವ, ಡ್ರಮ್ಮು ಬಾರಿಸುವವನಿಗೆ ಯಾರ ಮೇಲೋ ಹಳೆಯ ಸಿಟ್ಟಿರುವ, ಹಾಡುವವನ ಅಂಗಿಯೊಳಗೆ ಕೆಂಜಿರುವೆ ಹೊಕ್ಕಂತೆ ಕೇಳಿಸುವ ಸಂಗೀತ. ಮನೆಯಲ್ಲಿ ಹಿರಿಯರು ಇರುವಾಗ ಅದನ್ನು ಕೇಳಲಾಗದು. ಹಿರಿಯರು ಇಲ್ಲದಾಗ ಕೇಳುವ ಮಜಾ ಇರುವುದಿಲ್ಲ. ಡಿಗ್ರಿ ಓದುವಾಗ ನಾವು ಮೂವರು ಇದಕ್ಕೆ ಬಲಿಯಾದೆವು. ನಾನು, ಸಿರುಗುಪ್ಪದ ವಿರೂಪಾಕ್ಷಿ, ಕುರುಗೋಡಿನ ಮಾಬು. ಈಗ ವಿರೂಪಾಕ್ಷಿಗೆ ಅಕ್ಕಿ ಮಿಲ್ಲು ಇದೆ. ಯಂತ್ರದ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿ, ಗುಟ್ಟು ಹೇಳಿದರೂ ತೆಕ್ಕಲಕೋಟೆಯವರೆಗೆ ಕೇಳುತ್ತದೆ. ಮಾಬು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉತ್ತರ ಖಚಿತವಾಗುವ ತನಕ ಬಾಯಿ ಬಿಡುವುದಿಲ್ಲ.

ಆ ಬ್ಯಾಂಡಿನ ಹೆಸರು ಹೇಳುವುದಿಲ್ಲ. ಗೊತ್ತಿರುವವರು ಜಗಳಕ್ಕೆ ಬರುತ್ತಾರೆ, ಗೊತ್ತಿಲ್ಲದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ. ನಮಗೇ ಆಗ ಆಲ್ಬಮ್ಮುಗಳ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ಮೇಲಿನ ಚಿತ್ರ ನೋಡಿ ‘ಹದ್ದಿಂದು’, ‘ಸುಟ್ಟ ಮನಿದು’ ಎನ್ನುತ್ತಿದ್ದೆವು. ಹದ್ದಿನದು ಮುಗಿದ ಮೇಲೆ ಬ್ಯಾಂಡು ಒಡೆಯಿತು. ಮೊದಲನೆಯ ಗಾಯಕ ಮುನಿಸಿಕೊಂಡು ಹೊರಟ, ಡ್ರಮ್ಮಿನವನು ಅವನ ಹಿಂದೆ ಹೋದ, ಗಿಟಾರಿನವನು ಹೆಸರನ್ನು ತನ್ನ ಬಳಿಯೇ ಇಟ್ಟುಕೊಂಡು ಹೊಸ ಗಾಯಕನನ್ನು ಕರೆತಂದು ಸುಟ್ಟ ಮನೆಯದನ್ನು ಮಾಡಿದ. ಇದರಲ್ಲಿ ನಮಗೆ ಅರ್ಥವಾಗದ್ದು ಏನೂ ಇರಲಿಲ್ಲ. ನಮ್ಮ ಕಾಲೇಜಿನ ಹತ್ತಿರವೇ ಅಣ್ಣತಮ್ಮಂದಿರು ಬೇರೆಯಾಗಿ ಎದುರುಬದುರು ಎರಡು ಹೋಟೆಲು ಇಟ್ಟಿದ್ದರು. ಎರಡರಲ್ಲೂ ಗಲ್ಲಾಪೆಟ್ಟಿಗೆಯ ಮೇಲೆ ಒಬ್ಬನೇ ಅಪ್ಪನ ಫೋಟೊ. ಒಗ್ಗಾಣಿ ಎಲ್ಲಿಯದು ಅಸಲಿ, ಮಿರ್ಚಿ ಎಲ್ಲಿಯದು ಅಸಲಿ ಎಂದು ಊರು ಎರಡು ಪಕ್ಷವಾಗಿತ್ತು. ನಾವೂ ಆದೆವು. ನಾನು ಮೊದಲನೆಯ ಗಾಯಕನ ಕಡೆ, ವಿರೂಪಾಕ್ಷಿ ಎರಡನೆಯವನ ಕಡೆ. ಮಾಬು ಮಾತ್ರ, “ಎರಡೂ ಅದಾವಲ್ಲ, ಕೇಳ್ರಿ” ಎಂದು ಸುಮ್ಮನಾಗುತ್ತಿದ್ದ.

ನನ್ನ ವಾದವೆಲ್ಲ ನಿಂತದ್ದು ಹದ್ದಿನ ಕ್ಯಾಸೆಟ್ಟಿನ ಕೊನೆಯ ಹಾಡಿನ ಮೇಲೆ. ಅಲ್ಲಿಯ ತನಕ ಅರಚಿದ ಗಾಯಕ ಅದೊಂದರಲ್ಲಿ ದನಿ ಇಳಿಸಿ, ಕೆಲಸ ಮುಗಿಸಿ ಮನೆಗೆ ಬಂದವನ ಹಾಗೆ ಹಾಡುತ್ತಾನೆ. ನಡುವೆ ಗಿಟಾರು ಒಬ್ಬೊಂಟಿಯಾದಾಗ, ದೂರದಿಂದ ಒಂದು ದೀರ್ಘವಾದ ಸೀಟಿ. ಸ್ವಲ್ಪ ಹೊತ್ತಿಗೆ ಇನ್ನೊಂದು. ಅದು ಕೊಳಲಲ್ಲ, ಗಿಟಾರಲ್ಲ. ಆ ಸೀಟಿ ಕೇಳಿದಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ‘ಯಂತ್ರಯುಗದಲ್ಲಿ ಒಂಟಿಯಾದ ಮನುಷ್ಯನ ಆರ್ತನಾದ’ ಎಂದು ಕಾಲೇಜಿನ ಮ್ಯಾಗಜಿನ್‌ನಲ್ಲಿ ಲೇಖನವನ್ನೇ ಬರೆದೆ. ಫೋಟೊ ಸಹಿತ ಅಚ್ಚಾಯಿತು. ಮುಂದೆ ಯಾವಾಗ ಜಗಳವಾದರೂ, “ನಿಮ್ಮಾಂವ ಅಂಥಾದೊಂದು ಹಾಡು ಹಾಡ್ಯಾನೇನು?” ಎಂದು ನಾನು ಕೇಳುವುದು, ವಿರೂಪಾಕ್ಷಿ ತಲೆ ಕೆರೆದುಕೊಳ್ಳುವುದು, ಹೀಗೇ ನಮಗೆ ವಯಸ್ಸಾಯಿತು.

ಹೋದ ಬೇಸಿಗೆಯಲ್ಲಿ ವಿರೂಪಾಕ್ಷಿ ಹೊಸ ಫೋನು ಕೊಂಡ. ಹಳೆಯ ಆಲ್ಬಮ್ಮುಗಳೆಲ್ಲ ಅದರಲ್ಲಿ ಸಿಗುತ್ತವೆ ಎಂದು ಗೊತ್ತಾದ ದಿನವೇ ನನಗೆ ಕರೆ ಮಾಡಿದ. ಹಿಂದೆ ಮಿಲ್ಲು ಗರಗರ ಅನ್ನುತ್ತಿತ್ತು.

“ಲೇ ರಾಘ್ಯಾ, ಹದ್ದಿಂದು ಪೂರಾ ಕೇಳಿದೆ. ನಿನ್ನ ಹಾಡು ಅದರಾಗ ಇಲ್ಲೇ ಇಲ್ಲ.”

“ಸರಿಯಾಗಿ ನೋಡಲೇ. ಕಡೀಕ ಐತಿ.”

“ಕಡೀಕೂ ಇಲ್ಲ, ಮೊದಲೂ ಇಲ್ಲ. ಅದು ಸುಟ್ಟ ಮನಿದರಾಗ ಐತಿ. ಹಾಡಿದಾಂವ ನಮ್ಮಾಂವ.”

“ಮತ್ತ ಸೀಟಿ?”

“ಯಾವ ಸೀಟಿ? ಎರಡೆರಡು ಸಲ ಕೇಳಿದೆ. ನಮ್ಮ ಹಮಾಲರಿಗೂ ಕೇಳಿಸಿದೆ. ಅವರಿಗೂ ಸೀಟಿ ಬರಲಿಲ್ಲ.”

ನಾನು ನನ್ನ ಫೋನಿನಲ್ಲಿ ಕೇಳಿದೆ. ಹಮಾಲರ ಮಾತು ನಿಜ. ಹಾಡು ಬೇರೆ ಆಲ್ಬಮ್ಮಿನದು, ಗಾಯಕ ಬೇರೆಯವನು, ಸೀಟಿ ಇಲ್ಲವೇ ಇಲ್ಲ. ಒಂದು ತಪ್ಪಾಗಿದ್ದರೆ ಮರೆವು ಎನ್ನಬಹುದಿತ್ತು. ಮೂರೂ ತಪ್ಪು, ಅದೂ ಜೀವಮಾನವೆಲ್ಲ ಮೇಜು ಗುದ್ದಿ ಹೇಳಿದ ಮೂರು.

ನಗಬಹುದಿತ್ತು. ನಗು ಬರಲಿಲ್ಲ. ನಮ್ಮ ಅಪ್ಪ ಕೊನೆಗಾಲಕ್ಕೆ ನನ್ನನ್ನು ತಮ್ಮ ತಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಆದರೆ ಅವರ ಕಾಯಿಲೆ ಶುರುವಾದದ್ದು ಮರೆಯುವುದರಿಂದಲ್ಲ, ಆಗದೇ ಇದ್ದದ್ದನ್ನು ನೆನಪಿಟ್ಟುಕೊಳ್ಳುವುದರಿಂದ. ಕೋಟೆಯ ಗುಡ್ಡದ ಮೇಲೆ ತಾವು ಆನೆ ನೋಡಿದ್ದಾಗಿ, ಅದು ತಮ್ಮನ್ನು ನೋಡಿದ್ದಾಗಿ, ಮೇಜು ಗುದ್ದಿ ಹೇಳುತ್ತಿದ್ದರು. ಅವರ ಆನೆಯೇ ನನ್ನ ಸೀಟಿಯಾಗಿ ಬಂತೇನೋ ಅನ್ನಿಸಿತು. ಅದೇ ತಿಂಗಳು ನಾನು ಮಾರ್ಕೆಟ್ಟಿನಲ್ಲಿ ಸ್ಕೂಟರ್ ಬಿಟ್ಟು ಆಟೋದಲ್ಲಿ ಮನೆಗೆ ಬಂದು, ಸ್ಕೂಟರ್ ಕಳುವಾಗಿದೆ ಎಂದು ಕಂಟೋನ್ಮೆಂಟಿನ ನಮ್ಮ ಬೀದಿಯನ್ನೆಲ್ಲ ಸೇರಿಸಿದ್ದೆ. ಆಗ ಎಲ್ಲರೊಡನೆ ನಾನೂ ನಕ್ಕಿದ್ದೆ. ಈಗ ಅದೂ ಸಾಕ್ಷಿಯ ಸಾಲಿನಲ್ಲಿ ಬಂದು ನಿಂತಿತು. ಹಲ್ಲು ಉಜ್ಜುವಾಗ ಹಳೆಯ ವಿದ್ಯಾರ್ಥಿಗಳ ಹೆಸರು ಜ್ಞಾಪಿಸಿಕೊಳ್ಳತೊಡಗಿದೆ. ನೆನಪಾದವನು ನಿಜವಾಗಿ ನನ್ನ ವಿದ್ಯಾರ್ಥಿಯೇ, ನಾನೇ ಹುಟ್ಟಿಸಿದವನೇ ಎಂದು ಮತ್ತೆ ಅನುಮಾನ. ತರ್ಕಶಾಸ್ತ್ರ ಓದಬಾರದು.

ನನ್ನ ಹೆಂಡತಿ ಸುಧಾ ಎಲ್ಲವನ್ನೂ ಕೇಳಿ, ಕೊನೆಗೆ ನಿಧಾನವಾಗಿ ಕೇಳಿದಳು, “ಈ ಇಲ್ಲದ ಸೀಟಿ ನಿಮಗ ಎಷ್ಟು ದಿನದಿಂದ ಕೇಳಸ್ತದರೀ?”

ಡಾಕ್ಟರ ಧಾಟಿಯಲ್ಲಿ ಬಂದ ಈ ಪ್ರಶ್ನೆಯ ಮುಂದಿನ ಹೆಜ್ಜೆ ಡಾಕ್ಟರೇ. ನರರೋಗ ತಜ್ಞರ ಬಳಿ ಸೋಮವಾರಕ್ಕೆ ಸಮಯ ತೆಗೆದುಕೊಂಡಳು.

ಅಷ್ಟರಲ್ಲಿ ಒಂದು ದಾರಿ ಉಳಿದಿತ್ತು. ಎಂ.ಎ. ಓದಲು ಧಾರವಾಡಕ್ಕೆ ಹೋಗುವಾಗ ನನ್ನ ಹದ್ದಿನ ಕ್ಯಾಸೆಟ್ಟನ್ನು ಮಾಬುಗೆ ಕೊಟ್ಟಿದ್ದೆ. ಕೊಟ್ಟಿದ್ದೆ ಎಂಬ ನೆನಪಿತ್ತು. ಆ ನೆನಪಿಗೆ ಆಧಾರ ಏನು ಎಂದು ಫೋನ್ ಮಾಡಿದೆ.

“ಐತಿ,” ಎಂದ ಮಾಬು. “ಆಯ್ತವಾರ ಬಾ. ವಿರೂಪಾಕ್ಷಿನೂ ಕರಿ.”

“ಅದರಾಗ ಸೀಟಿ ಐತೇನೋ?”

ಮಾಬು ಮತ್ತೆ ಬರೀ “ಬಾ,” ಎಂದ. ಆ ಒಂದಕ್ಷರವನ್ನು ನಾನು ಕುರುಗೋಡು ಮುಟ್ಟುವ ತನಕ ನಾನಾ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಒಂದೂ ಒಳ್ಳೆಯದಾಗಿರಲಿಲ್ಲ.

ವಿರೂಪಾಕ್ಷಿ ನನಗಿಂತ ಮುಂಚೆ ಬಂದು, ಮಾಬುವಿನ ಹಜಾರದಲ್ಲಿ ಫ್ಯಾನಿನ ನೇರ ಕೆಳಗಿನ ಜಾಗ ಹಿಡಿದಿದ್ದ. ಅವನ ಮೂಲ ಕ್ಯಾಸೆಟ್ಟಿನಿಂದಲೇ ನನ್ನದು ನಕಲಾದದ್ದು. ಅದು ಎಲ್ಲಿ ಎಂದು ಕೇಳಿದೆ.

“ಅದು ಎಂದೋ ಹೋತು. ನಮ್ಮ ಕಾಕಾ ಅದರ ರೀಲು ಬಿಚ್ಚಿ ಭತ್ತದ ಗದ್ದಿಗೆ ಕಟ್ಟಿದ್ದ, ಹಕ್ಕಿ ಓಡಸಾಕ. ನಿಮ್ಮಾಂವನ ದನಿಗೆ ಅವು ಮೊದಲೇ ಓಡ್ತಿದ್ದವು, ರೀಲು ಸುಮ್ಮನ ಹಾಳಾತು.”

ಮಾಬುವಿನ ಹೆಂಡತಿ ಶಮೀಮ್ ಭಾಬಿ ಒಗ್ಗಾಣಿ, ಮಿರ್ಚಿ ತಂದಿಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಮಾಬು ಹಳೆಯ ಟೇಪ್ ರೆಕಾರ್ಡರ್ ಒರೆಸಿ, ಕ್ಯಾಸೆಟ್ಟಿನೊಳಗೆ ಪೆನ್ಸಿಲ್ ಹಾಕಿ ಸಡಿಲಾದ ರೀಲನ್ನು ಸುತ್ತಿ, ಆಪರೇಷನ್ ಮಾಡುವವನಂತೆ ಒಳಗಿಟ್ಟು ಗುಂಡಿ ಒತ್ತಿದ. ಹದ್ದಿನ ಕೊನೆಯ ಅರಚಾಟ ಮುಗಿಯಿತು. ಬರೀ ಸುಯ್ ಎಂಬ ಸದ್ದು. ವಿರೂಪಾಕ್ಷಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಆಮೇಲೆ ಆ ಹಾಡು ಶುರುವಾಯಿತು.

ನನ್ನ ಅರ್ಧ ಜೀವ ಮರಳಿ ಬಂತು. ವಿರೂಪಾಕ್ಷಿ ಮಿರ್ಚಿ ಕೆಳಗಿಟ್ಟು, “ಹೌದಲೇ. ಕ್ಯಾಸೆಟ್ ಅಂಗಡ್ಯಾಂವ ರೆಕಾರ್ಡ್ ಮಾಡಿ ಕೊಟ್ಟಾಗ ಕಡೀಕ ರೀಲು ಖಾಲಿ ಉಳದಿತ್ತು. ರೊಕ್ಕ ಪೂರಾ ಕೊಟ್ಟೀನಿ, ಖಾಲಿ ಯಾಕ ಬಿಡ್ತೀ, ಏನರ ತುಂಬು ಅಂತ ನಾನಽ ಜಗಳ ತಗದಿದ್ದೆ. ಸುಟ್ಟ ಮನಿದರಾಗಿಂದು ತುಂಬ್ಯಾನ ನೋಡು. ನನ್ನ ಸುಟ್ಟ ಮನಿ ಕ್ಯಾಸೆಟ್ಟಿನ್ಯಾಗ ರೀಲು ಸಾಲದ ಇದನ್ನ ಬಿಟ್ಟಿದ್ದ, ಅದಕ್ಕ ನನಗೂ ತಿಳೀಲಿಲ್ಲ,” ಎಂದ. ಆ ಕಾಲದ ಗಿರಾಕಿಗಳೆಲ್ಲ ಹಾಗೇ. ಖಾಲಿ ರೀಲು ಬಿಟ್ಟರೆ ಅರ್ಧ ಗ್ಲಾಸು ಚಹಾ ಕೊಟ್ಟಂತೆ. ಅಂಗಡಿಯವರು ಕೈಗೆ ಸಿಕ್ಕಿದ ಹಾಡು ಹಾಕಿ ಬಾಯಿ ಮುಚ್ಚಿಸುತ್ತಿದ್ದರು.

ಗಿಟಾರು ಒಬ್ಬೊಂಟಿಯಾಯಿತು. ನಾನು ಉಸಿರು ಹಿಡಿದೆ. ಬಂತು. ದೂರದಿಂದ, ದೀರ್ಘವಾಗಿ, ಸ್ಪಷ್ಟವಾಗಿ, ಸೀಟಿ.

“ಕೇಳಿದ್ಯಾ?” ಎಂದು ನಾನು ವಿರೂಪಾಕ್ಷಿಯ ತೋಳು ಹಿಡಿದುಕೊಂಡೆ. ಅದೇ ಹೊತ್ತಿಗೆ ಶಮೀಮ್ ಭಾಬಿ ಎದ್ದು ಒಳಗೆ ಹೋದರು. ಹೋದವರು ಹಾಗೆಯೇ ತಿರುಗಿ ಬಂದು, ನಾಚಿ ಸೆರಗು ಸರಿ ಮಾಡಿಕೊಂಡರು.

“ಇಷ್ಟ್ ವರ್ಷ ಆದ್ರೂ ರೂಢಿ ಹೋಗಿಲ್ಲ ನೋಡ್ರಿ ಭೈಯಾ. ಈ ಹಾಡು ಬಂದ್ರ ನಾ ಕುಕ್ಕರ್ ಇಳಸಾಕ ಎದ್ದು ಹೋಗ್ತೀನಿ.”

ಮಾಬು ಟೇಪು ನಿಲ್ಲಿಸಿದ. ಆಮೇಲೆ ವಿರೂಪಾಕ್ಷಿ ನಗಲು ಶುರು ಮಾಡಿದ. ಅವನ ನಗೆಗೆ ಪಕ್ಕದ ಮನೆಯವರು ಬಂದು ಕಿಟಕಿಯಲ್ಲಿ ನೋಡಿ ಹೋದರು.

ನನಗೆ ಎಲ್ಲ ನೆನಪಾಯಿತು. ನಮ್ಮ ಹಳೆಯ ಮನೆ. ಪಡಸಾಲೆಯ ಚಾಪೆಯ ಮೇಲೆ ಎರಡು ಟೇಪ್ ರೆಕಾರ್ಡರನ್ನು ಮುಖಾಮುಖಿ ಇಟ್ಟು, ಒಂದರಲ್ಲಿ ಹಾಡು ಹಾಕಿ ಇನ್ನೊಂದರಲ್ಲಿ ಹಿಡಿಯುವುದು. ತಂತಿ ಜೋಡಿಸಿ ನಕಲು ಮಾಡುವ ಅನುಕೂಲ ನಮಗಿರಲಿಲ್ಲ. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರುತ್ತ, ಕೆಮ್ಮು ತಡೆದುಕೊಂಡು ಕೂರಬೇಕು. ಎಲ್ಲರಿಗೂ ‘ಮಾತಾಡಬೇಡಿ’ ಎಂದು ಹೇಳಿದ್ದೆ. ಕುಕ್ಕರಿಗೆ ಹೇಳುವುದು ಬಿಟ್ಟುಹೋಗಿತ್ತು.

“ಮಾಬು, ನಿನಗ ಇದು ಯಾವಾಗ ಗೊತ್ತಾತು?”

“ನೀ ಕ್ಯಾಸೆಟ್ ಕೊಟ್ಟ ದಿನಾನ.”

“ಮತ್ತ ಹೇಳಬಾರದಿತ್ತೇನೋ?”

“ಹೆಂಗ ಹೇಳಬೇಕು? ನೀ ಮ್ಯಾಗಜಿನ್‌ನ್ಯಾಗ ಬರದಿದ್ದಿ. ಫೋಟೊನೂ ಹಾಕಿದ್ರು,” ಎಂದ ಮಾಬು. ಆಮೇಲೆ ಗಂಭೀರವಾಗಿ, “ಹಂಗ ನೋಡಿದ್ರ ಕುಕ್ಕರ್ರೂ ಯಂತ್ರಾನ,” ಎಂದ.

ಅವನು ಮತ್ತೆ ಗುಂಡಿ ಒತ್ತಿದ, ಎರಡನೆಯ ಸೀಟಿ ಬಂತು. ಅದರ ಬಾಲದಲ್ಲಿ, ನಾನು ಎಂದೂ ಗಮನ ಕೊಟ್ಟಿರದ ಗುಜುಗುಜು. ಮಾಬು ಟೇಪಿನ ದನಿ ಏರಿಸಿದ. ಗಿಟಾರಿನ ಹಿಂದೆ ಎಲ್ಲೋ ನಮ್ಮ ಅಪ್ಪ ಕೇಳುತ್ತಿದ್ದರು, “ಎಷ್ಟ ಆದವು?”

ಅವ್ವನ ದನಿ, “ಎಣಸಲಿಲ್ರೀ, ಮರ್ತೆ. ನೀವು ಇಲ್ಲೇ ಕೂತಿದ್ರಲ್ಲ?”

“ನನಗೂ ಮರ್ತದ. ಇನ್ನೊಂದು ಬರ್ಲಿ ಬಿಡು.”

ವಿರೂಪಾಕ್ಷಿ ನಗುವುದನ್ನು ನಿಲ್ಲಿಸಿದ. ಆಗ ಅಪ್ಪ ಈಗಿನ ನನಗಿಂತ ಎಷ್ಟೋ ಚಿಕ್ಕವರು. ಆಫೀಸಿನ ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುತ್ತಿದ್ದ ಮನುಷ್ಯ. ಅವ್ವನಿಗೋ ಕೊನೆಯ ತನಕ ಬಂಧುಬಳಗದ ಎಲ್ಲ ಮಕ್ಕಳ ನಕ್ಷತ್ರ ನೆನಪಿತ್ತು. ಇಬ್ಬರೂ ಮೂರು ಸೀಟಿ ಎಣಿಸಲಾರದೆ ಆರಾಮಾಗಿ ಕೂತಿದ್ದರು. ಮುಂದೆ ಬರಲಿದ್ದ ಆನೆಗೂ ಈ ಮರೆವಿಗೂ ಸಂಬಂಧವಿರಲಿಲ್ಲ. ಇದು ನಮ್ಮ ಮನೆಯ ಸಾದಾ ಮರೆವು, ಆರೋಗ್ಯವಂತರ ಮರೆವು. ಇಲ್ಲದ ಸೀಟಿಯನ್ನು ನಾನು ಕೇಳಿರಲಿಲ್ಲ. ಇದ್ದದ್ದನ್ನೇ ಕೇಳಿದ್ದೆ. ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ವಿರೂಪಾಕ್ಷಿಯ ಮಿಲ್ಲಿನ ಚೀಲವೊಂದನ್ನು ಯಾರೋ ಎತ್ತಿಕೊಂಡು ಹೋದಂತಾಯಿತು. ತಣ್ಣಗಾದ ಮಿರ್ಚಿಯನ್ನೆಲ್ಲ ನಾನೇ ತಿಂದೆ.

ಹೊರಡುವಾಗ ವಿರೂಪಾಕ್ಷಿ ಹೆಗಲ ಮೇಲೆ ಕೈ ಹಾಕಿದ. “ನೆನಪು ಗಟ್ಟಿ ಐತಿ ಬಿಡಲೇ. ಆದ್ರ ಇಷ್ಟ್ ವರ್ಷ ನೀ ಹೊಗಳಿದ್ದು ನಮ್ಮಾಂವನ್ನ. ಡಾಕ್ಟರಿಗೆ ಕಿವಿ ತೋರಸು.”

ಸೋತದ್ದಕ್ಕೆ ಅಷ್ಟು ಸಂತೋಷಪಟ್ಟವನು ಆ ದಿನ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಇನ್ನು ಡಾಕ್ಟರ ಅಗತ್ಯವಿಲ್ಲ ಎಂದು ಮನೆಯಲ್ಲಿ ಸಾರಿದೆ. “ಕ್ಯಾಸೆಟ್ ಕೇಳಿ ತಲಿ ನೆಟ್ಟಗದ ಅನ್ನೋದು ಯಾವ ತರ್ಕರೀ?” ಎಂದಳು ಸುಧಾ. ಸೋಮವಾರ ಹೋದೆ. ಡಾಕ್ಟರು ಮೂರು ಶಬ್ದ ಹೇಳಿ, ಆಮೇಲೆ ಕೇಳುತ್ತೇನೆ, ನೆನಪಿಡಿ ಎಂದರು. ಕಣ್ಣಿಗೆ ಬೆಳಕು ಬಿಟ್ಟರು, ಮೊಣಕಾಲು ತಟ್ಟಿದರು, ಏನೂ ಇಲ್ಲ, ಚೆನ್ನಾಗಿ ನಿದ್ದೆ ಮಾಡಿ ಎಂದು ಮುಂದಿನವರನ್ನು ಕರೆದರು. ನಾನೇ ಬಾಗಿಲಿನಿಂದ ತಿರುಗಿ ಬಂದು, “ಗಡಿಯಾರ, ಬಾಳೆಹಣ್ಣು, ಕುರ್ಚಿ” ಎಂದೆ. ಅವರು ಒಂದು ಕ್ಷಣ ಗಾಬರಿಯಾಗಿ ನೋಡಿದರು. ಮರೆತಿದ್ದರು.

ಆ ಸಂಜೆ ಸುಧಾ ಒಲೆಯ ಮೇಲೆ ಕುಕ್ಕರ್ ಇಟ್ಟು, “ಪಕ್ಕದ ಮನಿಗೆ ಹೋಗಿ ಬರ್ತೀನಿ, ಮೂರು ಆದಮ್ಯಾಲೆ ಆರಸ್ರಿ. ಈಗ ಡಾಕ್ಟರ ಸರ್ಟಿಫಿಕೇಟೂ ಅದ,” ಎಂದು ಹೇಳಿ ಹೋದಳು. ನಾನು ಫೋನಿನಲ್ಲಿ ಆ ಹಾಡು ಹಾಕಿದೆ. ಬಾಗಿಲು ಮುಚ್ಚಿಕೊಂಡೇ ಹಾಕಿದೆ, ವಿರೂಪಾಕ್ಷಿಗೆ ಗೊತ್ತಾಗಬಾರದು. ಎರಡನೆಯ ಗಾಯಕ ಕೆಟ್ಟವನೇನಲ್ಲ. ಗಿಟಾರು ಒಬ್ಬೊಂಟಿಯಾದ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಸೀಟಿ ಬಂತು, ಹಾಡು ತುಂಬಿಕೊಂಡಿತು. ಚೆನ್ನಾಗಿತ್ತೆಂದು ಮತ್ತೊಮ್ಮೆ ಹಾಕಿದೆ. ಸುಧಾ ಬಂದು ಬಾಗಿಲು ತಟ್ಟಿ, “ಎಷ್ಟ ಆದವ್ರೀ?” ಎಂದಳು. ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಆಧಾರವಿಲ್ಲದೆ ಸಂಖ್ಯೆ ಹೇಳುವುದು ನನ್ನ ಸ್ವಭಾವವಲ್ಲ.

“ಇನ್ನೊಂದು ಬರ್ಲಿ ಬಿಡು,” ಎಂದೆ.