ಪಶ್ಚಾತ್ತಾಪ ಪಟ್ಟ ಒಬ್ಬನ ಹೆಸರು

ಪಾಸ್ಟರ್ ಜಯಶೀಲರು ಆ ಭಾನುವಾರ ಪಟ್ಟ ಪಾಡಿಗೆಲ್ಲ ಮೂಲ ಒಂದೇ ಒಂದು ಪ್ರಶ್ನೆ. ಕೇಳಿದವರು ನಿವೃತ್ತ ಪಾಸ್ಟರ್ ಚಿಕ್ಕಮುನಿಯಪ್ಪನವರು. ಲೂಥರನ್ ಸಭೆಗಳ ಪಾಸ್ಟರುಗಳಿಗೆ ಸ್ವಲ್ಪ ಹುರುಪು ತುಂಬೋಣವೆಂದು ವೈಟ್‌ಫೀಲ್ಡಿನಲ್ಲಿ ಒಂದು ಕೂಟ ಇಟ್ಟಿದ್ದರು. ಬಿರಿಯಾನಿ ಊಟ ಮುಗಿದು ಎಲ್ಲರ ಕಣ್ಣೂ ಎಳೆಯುತ್ತಿದ್ದ ಹೊತ್ತಿನಲ್ಲಿ ಆ ಹಿರಿಯರು ಎದ್ದು ನಿಂತರು.

"ನಿಮ್ಮ ಪ್ರಸಂಗ ಕೇಳಿ ನಿಜವಾಗಿ ಪಶ್ಚಾತ್ತಾಪ ಪಟ್ಟ ಒಬ್ಬನ ಹೆಸರು ಹೇಳ್ರಪ್ಪ. ಒಬ್ಬ ಸಾಕು."

ಒಬ್ಬರು ಫ್ಯಾನ್ ನೋಡಿದರು, ಇನ್ನೊಬ್ಬರು ಬೈಬಲ್ ತಿರುವಿದರು. ಜಯಶೀಲರು ತಮ್ಮ ಚಪ್ಪಲಿ ನೋಡಿಕೊಂಡರು. ಅವರು ಪೀಣ್ಯದ ಸಭೆಗೆ ಬಂದು ಬಹಳ ವರ್ಷವಾಗಿತ್ತು. ಮದುವೆ ಮಾಡಿಸಿದ್ದರು, ಮಣ್ಣು ಮಾಡಿಸಿದ್ದರು, ಕ್ರಿಸ್ಮಸ್ಸಿಗೆ ಮನೆಮನೆಯ ಕಲ್‌ಕಲ್ ಸಿಹಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದರು. ಪಶ್ಚಾತ್ತಾಪ ಪಟ್ಟವನನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ.

"ಅರಿಕೆ ಕೇಳೋ ಪದ್ಧತಿ ಬಿಟ್ಬಿಟ್ಟಿದ್ದೀರಿ, ಅದಕ್ಕೇ ಹಿಂಗೆ," ಅಂದರು ಚಿಕ್ಕಮುನಿಯಪ್ಪನವರು. "ನಮ್ಮ ಕಾಲದಲ್ಲಿ ಆರಾಧನೆಗೆ ಮುಂಚೆ ಪಾಸ್ಟರು ಒಬ್ಬರೇ ಒಂದು ಕಡೆ ಕೂರೋರು. ಮನಸ್ಸಲ್ಲಿ ಭಾರ ಇದ್ದೋನು ಬಂದು ತನ್ನ ಪಾಪ ಹೇಳ್ಕೊಂಡು, ಕ್ಷಮೆಯ ಮಾತು ಕೇಳಿ ಹೋಗೋನು. ನಾವು ಕೇಳಿದ್ದು ನಮ್ಮ ಜೊತೆ ಸಮಾಧಿಗೆ. ಹೆಂಡ್ತಿಗೂ ಹೇಳೋ ಹಾಗಿಲ್ಲ, ಪೊಲೀಸಿಗೂ ಹೇಳೋ ಹಾಗಿಲ್ಲ. ಅಷ್ಟು ಎದೆ ಯಾರಿಗಿದೆ?"

ಜಯಶೀಲರಿಗೆ ಏನಾಯಿತೋ, ಎದ್ದು ನಿಂತೇಬಿಟ್ಟರು. "ನಾನು ಮಾಡ್ತೀನಿ ಅಯ್ಯನವರೇ. ಈ ಭಾನುವಾರವೇ ಮಾಡ್ತೀನಿ. ಒಬ್ಬನ ಹೆಸರು ನಿಮಗೆ ಕೊಟ್ಟೇ ಕೊಡ್ತೀನಿ."

"ಹಾಗಾದ್ರೆ ನಾನೂ ಬಂದು ಹಿಂದಿನ ಬೆಂಚಲ್ಲಿ ಕೂರ್ತೀನಿ," ಅಂದರು ಹಿರಿಯರು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯನ್ನು ಕೈಗೆ ಕೊಡುತ್ತ ಹೆಂಡತಿ ಶಾಂತಿ ಹೇಳಿದಳು, "ಪೀಣ್ಯದಲ್ಲಿ ಓವರ್‌ಟೈಮ್ ಮಾಡೋರು ಎಷ್ಟು ಬೇಕಾದ್ರೂ ಸಿಗ್ತಾರೆ. ಪಶ್ಚಾತ್ತಾಪ ಪಡೋರನ್ನ ಎಲ್ಲಿಂದ ತರ್ತೀರಾ?"

"ದೇವರು ತರ್ತಾನೆ," ಅಂದರು ಜಯಶೀಲರು. ಅಂದ ಮೇಲೆ ಆಡಿದ ಮಾತಿಗೆ ಆಸರೆಯಾಗಲಿ ಎಂದು ಒಂದು ಲೋಟ ಕಾಫಿ ಜಾಸ್ತಿ ಕುಡಿದರು.

ಅವರ ಚರ್ಚು ಒಂದು ಲೇತ್ ಶಾಪಿಗೂ ಒಂದು ಪೇಂಟಿಂಗ್ ಶೆಡ್ಡಿಗೂ ನಡುವೆ ಸಿಕ್ಕಿಕೊಂಡಿತ್ತು. ಅದರ ಹಿಂಭಾಗಕ್ಕೇ ಪಾಸ್ಟರ ಬಾಡಿಗೆ ಮನೆ. ಜಯಶೀಲರು ಚರ್ಚಿನ ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಗಲಾಟೆ ಎದ್ದಿತ್ತು. ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ, ಕೋಳಿ ಎಲ್ಲ ಮಾರಿ ಕೊಂಡಿದ್ದ ಹೊಸ ಮೈಕಿನ ಪೆಟ್ಟಿಗೆ ನಾಪತ್ತೆ.

ಸಭೆಯ ಕಾರ್ಯದರ್ಶಿ ಚನಬಸಪ್ಪನವರು ಹುಬ್ಬಳ್ಳಿ ಕಡೆಯವರು. ವಾರವೆಲ್ಲ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರು, ಭಾನುವಾರವೂ ಅದೇ. ಪಾಸ್ಟರ ಪ್ರಸಂಗವನ್ನೂ ಅವರು ಅಳತೆ ಹಿಡಿದೇ ಕೇಳುತ್ತಿದ್ದರು. ವೆಸ್ಟ್ರಿ ಅಂದರೆ ಪಾಸ್ಟರು ನಿಲುವಂಗಿ ತೊಡುವ ಪಕ್ಕದ ಸಣ್ಣ ಕೋಣೆ. ಮೈಕಿನ ಪೆಟ್ಟಿಗೆ ಇರುತ್ತಿದ್ದುದು ಅಲ್ಲೇ.

"ಕೀಲಿ ಒಡದಿಲ್ಲ, ಬಾಗಿಲಾ ಮುರದಿಲ್ಲ," ಅಂದರು ಚನಬಸಪ್ಪನವರು. "ಚಾವಿ ಇರೋದು ಮೂರು ಮಂದಿ ಕಡೆ. ಒಂದು ನನ್ನ ಕಡೆ. ಒಂದು ಅಯ್ಯನವರ ಕಡೆ. ಇನ್ನೊಂದು..." ಅನ್ನುತ್ತ ಅವರು ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಪಿಳ್ಳಮ್ಮನ ಕಡೆ ತಿರುಗಿದರು. ಚರ್ಚು ಗುಡಿಸಿ, ಗಂಟೆ ಹೊಡೆದು ಬದುಕುವ ಮುದುಕಿ ಅವಳು.

"ಸ್ವಾಮಿ, ಆ ಪೆಟ್ಗೆ ಎತ್ತಕ್ಕೆ ನನ್ ಸೊಂಟದಾಗೆ ಸಕ್ತಿ ಎಲ್ಲೈತೆ," ಅಂದಳು ಪಿಳ್ಳಮ್ಮ.

"ಅದನ್ನ ಆರಾಧನಿ ಮುಗದ ಮ್ಯಾಲೆ ನೋಡೂಣು. ಅಲ್ಲೀತನ ವೆಸ್ಟ್ರಿ ಹೋಲ್ಡ್," ಅಂದ ಚನಬಸಪ್ಪನವರು ಜೇಬಿನಿಂದ ತಮ್ಮದೇ ಬೀಗ ತೆಗೆದು ಜಡಿದು, ಸಂಶಯದ ಮಾಲಿಗೆ ಕಾರ್ಖಾನೆಯಲ್ಲಿ ಅಂಟಿಸುವ ಕೆಂಪು ಚೀಟಿಯನ್ನು ಬಾಗಿಲಿಗೆ ಅಂಟಿಸಿದರು.

ಒಳ್ಳೆಯ ದಿನವೇ ಬಂತಲ್ಲ ಇದು ಎಂದು ಜಯಶೀಲರು ಗೊಣಗಿಕೊಂಡರು. ಆದರೂ ಹಿಡಿದ ಹಟ ಬಿಡಲಿಲ್ಲ. ವೆಸ್ಟ್ರಿ ಹೋದರೆ ಹೋಯಿತು, ಹಿಂದಿನ ಬೇವಿನ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಅರಿಕೆ ಮಾಡುವವರು ಬರಬಹುದು ಎಂದು ಹೇಳಿಕಳಿಸಿ ಕೂತರು. ಬಹಳ ಹೊತ್ತು ಯಾರೂ ಬರಲಿಲ್ಲ. ಒಂದು ನಾಯಿ ಬಂದು ನೋಡಿ ಹೋಯಿತು. ಕೊನೆಗೆ, ಗಂಟೆ ಹೊಡೆಯಲು ಸ್ವಲ್ಪ ಹೊತ್ತಿರುವಾಗ, ಲೇತ್ ಕೆಲಸದ ಟರ್ನರ್ ಮುನೀಂದ್ರ ತಲೆ ತಗ್ಗಿಸಿಕೊಂಡು ಬಂದ. ರಾತ್ರಿ ಪಾಳಿಯಿಂದ ಸೀದಾ ಬಂದಿದ್ದನಾದ್ದರಿಂದ ಮೈಯೆಲ್ಲ ಮೆಷಿನ್ನಿನ ಕೂಲೆಂಟ್ ಎಣ್ಣೆಯ ವಾಸನೆ.

"ಅಯ್ಯನವರೇ, ನಾನು ಹೇಳಿದ್ದು ಯಾರಿಗೂ ಹೇಳಲ್ಲ ತಾನೇ?"

"ಸಮಾಧಿಗೆ ಕಣಪ್ಪ," ಅಂದರು ಜಯಶೀಲರು.

"ಮೈಕ್ ಪೆಟ್ಟಿಗೆ ಎತ್ತಿದ್ದು ನಾನೇ. ವೆಸ್ಟ್ರಿ ಬೀಗದ ಕೀ ಕಳೆದೋದಾಗ ಹೊಸದು ಮಾಡಿಕೊಟ್ಟೋನು ನಾನೇ ಅಲ್ವಾ? ಒಂದು ಮಾಡೋದೂ ಎರಡು ಮಾಡೋದೂ ಒಂದೇ ಸೆಟ್ಟಿಂಗು, ನನಗೂ ಒಂದು ಇಟ್ಕೊಂಡೆ. ಬೆಳಿಗ್ಗೆ ಎತ್ತಿ ಹಿಂದಿನ ಪಂಪ್ ಶೆಡ್ಡಲ್ಲಿ ಗೋಣಿಚೀಲ ಮುಚ್ಚಿ ಇಟ್ಟಿದ್ದೀನಿ."

"ಮಾರೋಕಾ?"

"ಅಯ್ಯೋ ಇಲ್ಲ," ಅಂದ ಮುನೀಂದ್ರ, ನೊಂದುಕೊಂಡು. "ವಾರವೆಲ್ಲ ನೈಟ್ ಶಿಫ್ಟು. ಹಗಲು ಮನೇಲಿ ಮಕ್ಕಳು, ಟಿವಿ, ಪಕ್ಕದ ಮನೆ ಮಿಕ್ಸಿ. ನನಗೆ ನೆಮ್ಮದಿಯಾಗಿ ನಿದ್ದೆ ಬರ್ತಿದ್ದಿದ್ದು ನಿಮ್ಮ ಪ್ರಸಂಗದಲ್ಲಿ ಒಂದೇ. ಆ ಮೈಕ್ ಬಂದಾಗಿಂದ ಅದೂ ಹೋಯ್ತು. ಕಂಬದ ಪಕ್ಕ ಕೂತ್ರೂ ಕಿವಿಗೆ ಗುದ್ದುತ್ತೆ. ತಡ್ಕೊಳಕಾಗ್ದೆ ಎತ್ಬಿಟ್ಟೆ. ಈಗ ಪಿಳ್ಳಮ್ಮಜ್ಜಿ ಮೇಲೆ ಬಂತಲ್ಲ, ಕರುಳು ಕಿತ್ತು ಬರ್ತಾ ಇದೆ ಅಯ್ಯನವರೇ." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಜಯಶೀಲರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಷ್ಟು ವರ್ಷದ ತಮ್ಮ ಪ್ರಸಂಗಗಳಿಗೆ ಸಿಕ್ಕ ಏಕೈಕ ಮೆಚ್ಚುಗೆ ಇದು. ಆದರೂ ಎದುರಿಗೆ ನಿಂತವನು ಪಶ್ಚಾತ್ತಾಪ ಪಟ್ಟ ಮನುಷ್ಯ, ಅದರಲ್ಲಿ ಅನುಮಾನವಿರಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ಹೇಳುವಾಗ ಅವರ ದನಿಯೂ ಒದ್ದೆಯಾಯಿತು.

"ಆರಾಧನೆ ಕೊನೇಲಿ ಆಶೀರ್ವಾದ ಹೇಳೋದ್ರೊಳಗೆ ಪೆಟ್ಟಿಗೆ ವಾಪಸ್ ಇಟ್ಬಿಡು," ಅಂದರು.

"ವೆಸ್ಟ್ರಿಗೆ ಚನಬಸಪ್ಪನೋರು ಬೀಗ ಜಡಿದವ್ರಲ್ಲ. ಎಲ್ಲಿಡ್ಲಿ?"

ಅಷ್ಟರಲ್ಲಿ ಪಿಳ್ಳಮ್ಮ ಗಂಟೆ ಹೊಡೆದಳು. ಜಯಶೀಲರು ನಿಲುವಂಗಿ ತಲೆಗೆ ಹಾಕಿಕೊಳ್ಳುತ್ತ ಓಡಿದರು. ಓಡುತ್ತ, ಬಟ್ಟೆಯೊಳಗಿಂದಲೇ, "ನೆನೆಯದೆ ಇರೋ ಜಾಗದಲ್ಲಿ, ಕಳ್ಳರು ಕಾಲಿಡದ ಜಾಗದಲ್ಲಿ ಇಡಪ್ಪ," ಅಂದರು.

ಹಿಂದಿನ ಬೆಂಚಿನಲ್ಲಿ ಚಿಕ್ಕಮುನಿಯಪ್ಪನವರು ಊರುಗೋಲಿನ ಮೇಲೆ ಗದ್ದ ಊರಿ ಕೂತಿದ್ದರು. ಎರಡನೆಯ ಕೀರ್ತನೆಯ ಹೊತ್ತಿಗೆ ಮುನೀಂದ್ರ ಒಳಗೆ ಬಂದು ಕಂಬದ ಪಕ್ಕ ಕೂತ. ಕೆಲಸ ಆಯಿತು ಎಂಬಂತೆ ಒಂದು ಸಲ ತಲೆಯಾಡಿಸಿದ.

ಜಯಶೀಲರು ಪ್ರಸಂಗ ಪೀಠ ಹತ್ತಿದರು. ಅಂದಿನ ಮಾತು ಸುಂಕದ ಜಕ್ಕಾಯನದು. ಗಿಡ್ಡನಾದ್ದರಿಂದ ಯೇಸುವನ್ನು ನೋಡಲು ಮರ ಹತ್ತಿದವನು, ಇಳಿದ ಮೇಲೆ ಅನ್ಯಾಯವಾಗಿ ತೆಗೆದುಕೊಂಡದ್ದನ್ನೆಲ್ಲ ನಾಲ್ಕರಷ್ಟು ಹಿಂದೆ ಕೊಟ್ಟವನು. ಮೈಕಿಲ್ಲ, ಪಕ್ಕದ ಲೇತ್ ಶಾಪಿನಲ್ಲಿ ಯಾವುದೋ ಅರ್ಜೆಂಟ್ ಆರ್ಡರಿಗೆ ಮೆಷಿನ್ ಕಿರುಚುತ್ತಿದೆ. ಜಯಶೀಲರು ಹೊಟ್ಟೆಯಿಂದ ದನಿ ಎತ್ತಿದರು. "ದೇವರು ನಿನ್ನ ಕೈಯಲ್ಲಿರೋದನ್ನ ನೋಡೋಕೆ ಮುಂಚೆ ನಿನ್ನ ಮನಸ್ಸಲ್ಲಿರೋದನ್ನ ನೋಡಿದ್ದಾನೆ," ಅಂದರು. "ಮರದಿಂದ ಇಳಿ. ಇವತ್ತೇ ಇಳಿ. ಅವನು ನಿನ್ನ ಮನೆಗೇ ಬರ್ತಾನಂತೆ," ಅಂದರು. ಅಷ್ಟು ಮನಸ್ಸಿಟ್ಟು ಅವರು ಎಂದೂ ಮಾತಾಡಿರಲಿಲ್ಲ. ಆಡುತ್ತ ಆಡುತ್ತ ಅವರ ಕಣ್ಣಲ್ಲೇ ನೀರು ಬಂತು.

ತೊಂದರೆ ಒಂದೇ. ಅಪ್ಪಿತಪ್ಪಿಯೂ ಮುನೀಂದ್ರನ ಕಡೆ ನೋಡಬಾರದೆಂದು ಅವರು ಉಳಿದ ಎಲ್ಲರನ್ನೂ ನೆಟ್ಟಗೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಬೆಂಚಿನಲ್ಲೂ ಇದ್ದರು. ಕಾರ್ಖಾನೆಯ ವರ್ನಿಯರ್ ಅಳತೆಗೋಲನ್ನು ಮನೆಗೆ ತಂದಿಟ್ಟುಕೊಂಡಿದ್ದ ಚನಬಸಪ್ಪನವರು ಬೆವರು ಒರೆಸಿಕೊಂಡರು. ಮುನೀಂದ್ರನೊಬ್ಬ ಮಾತ್ರ ತೊಳೆದ ಮನಸ್ಸಿನಿಂದ, ಮೈಕಿಲ್ಲದ ಕಿವಿಯಿಂದ, ಮಗುವಿನ ಹಾಗೆ ಮಲಗಿಬಿಟ್ಟಿದ್ದ.

ಆರಾಧನೆ ಮುಗಿದ ಕೂಡಲೇ ಚನಬಸಪ್ಪನವರು ಎದ್ದು ನಿಂತರು. ಯಾರೂ ಹೊರಗೆ ಹೋಗಬಾರದೆಂದು ಹೇಳಿ ಪಿಳ್ಳಮ್ಮನನ್ನು ಮುಂದೆ ಕರೆದರು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಂದು ನಿಂತಳು.

"ಪಿಳ್ಳಮ್ಮ ಕದ್ದಿಲ್ಲ," ಅಂದರು ಜಯಶೀಲರು.

"ಅದು ನಿಮಗ ಹೆಂಗ ಗೊತ್ತ್ರಿ?"

"ಗೊತ್ತು."

"ಹಂಗಾರ ಕದ್ದಾಂವ ಯಾರು ಅನ್ನೋದೂ ಗೊತ್ತದ ಏನ್ರಿ ನಿಮಗ?"

ಪ್ರಸಂಗ ಪೀಠದಿಂದ ಇಳಿದು ಇನ್ನೂ ಬೆವರು ಆರಿರಲಿಲ್ಲ, ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಗೊತ್ತು," ಅಂದರು. "ಆದ್ರೆ ಹೇಳೋಕಾಗಲ್ಲ."

ಸಭೆಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಜಯಶೀಲರ ಬಾಯಲ್ಲಿದ್ದ ಸತ್ಯ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇರಲಿ, ಪೆಟ್ಟಿಗೆ ಎಲ್ಲಾದರೂ ಸಿಕ್ಕರೆ ಎಲ್ಲವೂ ತಣ್ಣಗಾಗುತ್ತದೆ ಎಂದು ಅವರು ಧೈರ್ಯ ತಂದುಕೊಂಡರು. ಪೆಟ್ಟಿಗೆ ಆಗಲೇ ಸಿಕ್ಕಿತು.

ಬಾಗಿಲಲ್ಲಿ ಕೃಷ್ಣಪ್ಪನವರು ಚಪ್ಪಲಿ ಬಿಟ್ಟು, ತಲೆಯ ಮೇಲಿನ ಟವೆಲ್ ತೆಗೆದು ನಿಂತಿದ್ದರು. ಪೀಣ್ಯ ಇನ್ನೂ ರಾಗಿ ಹೊಲವಾಗಿದ್ದ ಕಾಲದಿಂದ ಇದ್ದ ಮನೆತನ ಅವರದು, ಪಾಸ್ಟರ ಮನೆಯ ಮಾಲೀಕರು. ಬಾಡಿಗೆ ಮನೆಯ ಮೋಟರು, ನಲ್ಲಿ, ಕಿಟಕಿ ಎಲ್ಲವನ್ನೂ ದಿನಕ್ಕೊಮ್ಮೆ ಮುಟ್ಟಿ ನೋಡದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

"ಸ್ವಾಮೇರೆ, ತಪ್ಪು ತಿಳ್ಕೋಬ್ಯಾಡಿ," ಅಂದರು ಕೃಷ್ಣಪ್ಪನವರು. "ನಲ್ಲಿ ಸೋರ್ತಾ ಐತಾ ನೋಡನ ಅಂತ ನಿಮ್ ಅಡ್ಗೆ ಮನೆಗೆ ಓದೆ. ನೆಲವೆಲ್ಲ ನೀರು. ಒಲೆ ಮ್ಯಾಲೆ ಅದ್ಯಾವ್ದೋ ಮೈಕ್ ಪೆಟ್ಗೆ ಕುಂತೈತೆ. ಅಂಗೇ ಗ್ಯಾಸ್ ಅಚ್ಚಿದ್ರೆ ಮನೆ ಸುಟ್ಟೋಯ್ತದೆ, ಅದ್ಕೆ ಏಳನ ಅಂತ ಬಂದೆ."

ನೆನೆಯದ ಜಾಗ, ಕಳ್ಳರು ಕಾಲಿಡದ ಜಾಗ. ಪೀಣ್ಯದಲ್ಲಿ ಕದಿಯಲು ಏನೂ ಇಲ್ಲದ, ಬೀಗವನ್ನೂ ಹಾಕದ ಮನೆ ಯಾವುದೆಂದು ಮುನೀಂದ್ರ ಸರಿಯಾಗಿಯೇ ಯೋಚಿಸಿದ್ದ. ಅವನು ಈಗಲೂ ಕಂಬಕ್ಕೆ ಒರಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.

"ನನ್ನ ಒಲೆ ಮೇಲಾ?" ಅಂದಳು ಶಾಂತಿ, ಗಂಡನನ್ನು ಮೊದಲ ಸಲ ನೋಡುತ್ತಿರುವವಳಂತೆ.

ಎಲ್ಲರ ಕಣ್ಣೂ ತಮ್ಮ ಮೇಲೆ ನೆಟ್ಟಾಗ, 'ನಾನಲ್ಲ' ಎಂದು ಹೇಳಲು ಜಯಶೀಲರು ಬಾಯಿ ತೆರೆದರು. ಅದೇ ಕ್ಷಣ ಚನಬಸಪ್ಪನವರು, "ಇದನ್ನ ನೀವ ಇಟ್ರೋ, ನಿಮ್ಮ ಮನಿ ಕಸಾ ಹೊಡ್ಯಾಕ ಬರೋ ಪಿಳ್ಳಮ್ಮ ಇಟ್ಟಳೋ? ಎರಡರಾಗ ಒಂದು ಹೇಳ್ರಿ," ಅಂದರು. ಪಿಳ್ಳಮ್ಮ ತಲೆಯೆತ್ತಿ ಪಾಸ್ಟರ ಮುಖವನ್ನೇ ನೋಡಿದಳು. ಜಯಶೀಲರು ತೆರೆದ ಬಾಯಿಯನ್ನು ಮುಚ್ಚಿಕೊಂಡು ಸುಮ್ಮನೆ ನಿಂತರು.

ಆಮೇಲೆ ಆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. "ಹಂಗಾರ ಆ ಪ್ರಸಂಗ," ಅಂದರು ಚನಬಸಪ್ಪನವರು, ಗದ್ಗದಿತರಾಗಿ. "ಮರದಿಂದ ಇಳಿ, ಇವತ್ತ ಇಳಿ ಅಂತ ಅಷ್ಟು ಅತ್ತಿದ್ದು ತಮಗ ತಾವ ಹೇಳ್ಕೊಂಡಿದ್ದು. ಎಂಥಾ ಪಶ್ಚಾತ್ತಾಪ ಅದು. ಮನಷ್ಯಾ ಅಂದ ಮ್ಯಾಲೆ ತಪ್ಪು ಆಗ್ತದ್ರಿ. ನಾವು ಕ್ಷಮಾ ಮಾಡೇವಿ." ಅವರು ಪಾಸ್ಟರನ್ನು ತಬ್ಬಿಕೊಂಡೇಬಿಟ್ಟರು. ತಮ್ಮ ಪಾಪಗಳೇ ಗುರಿಯೆಂದು ಬೆವತಿದ್ದವರೆಲ್ಲ, ಸದ್ಯ ಇವರದಾಗಿತ್ತಲ್ಲ ಎಂಬ ನೆಮ್ಮದಿಯಲ್ಲಿ ಸರತಿಯಲ್ಲಿ ಬಂದು ಕೈ ಕುಲುಕಿ ಕ್ಷಮಿಸಿದರು. ಪಿಳ್ಳಮ್ಮ ಕೂಡ ಪಾಸ್ಟರ ತಲೆ ಸವರಿ, "ಓಗ್ಲಿ ಬುಡಿ, ದೇವ್ರು ದೊಡ್ಡೋನು," ಅಂದಳು.

ಕೊನೆಗೆ ಊರುಗೋಲು ಕುಟ್ಟುತ್ತ ಚಿಕ್ಕಮುನಿಯಪ್ಪನವರು ಬಂದರು. ಜಯಶೀಲರ ಮುಖವನ್ನು ಬಹಳ ಹೊತ್ತು ನೋಡಿ, ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಬೆಳಿಗ್ಗೆ ಅರಿಕೆಗೆ ಯಾರೋ ಬಂದಿದ್ರು, ಅಲ್ವಾ? ಯಾರು ಅಂತ ನನಗೂ ಹೇಳಬೇಡ. ಕೋಲಾರದ ಕಡೆ ಒಂದು ಸಭೇಲಿ ಇವತ್ತಿಗೂ ನನ್ನನ್ನ ಗೋಡೆ ಗಡಿಯಾರ ಕದ್ದ ಪಾಸ್ಟರು ಅಂತಾರೆ. ತುಂಬಾ ಪ್ರೀತಿಯಿಂದ ಅಂತಾರೆ ಕಣಪ್ಪ."

ಜಯಶೀಲರ ಕಣ್ಣು ತುಂಬಿತು. ಜಗತ್ತಿನಲ್ಲಿ ಒಬ್ಬರಿಗಾದರೂ ತಿಳಿಯಿತಲ್ಲ. ಅಷ್ಟರಲ್ಲಿ ಚನಬಸಪ್ಪನವರು ಹಿರಿಯರಿಗೆ ಕೈಮುಗಿದು, "ಅಯ್ಯನವರ, ನಿಮ್ಮ ಪ್ರಶ್ನಿ ನಾವೂ ಕೇಳೇವ್ರಿ, ಮುಂದಿನ ಪಾಸ್ಟರ ಕೂಟದಾಗ ಹೇಳ್ರಿ," ಅಂದರು. "ಪ್ರಸಂಗ ಕೇಳಿ ಪಶ್ಚಾತ್ತಾಪ ಪಟ್ಟಾಂವ ಪೀಣ್ಯದಾಗ ಒಬ್ಬ ಸಿಕ್ಕ, ಹೆಸರು ಜಯಶೀಲ ಅಂತ ಧೈರ್ಯಲೇ ಹೇಳ್ರಿ." ಚಿಕ್ಕಮುನಿಯಪ್ಪನವರು ಕೆಮ್ಮಿ ನೆಲ ನೋಡಿದರು. ಕೇಳಿದ್ದ ಹೆಸರು ಕೊನೆಗೂ ಅವರ ಕೈ ಸೇರಿತ್ತು.

"ಇನ್ನೊಂದು ಮಾತು," ಅಂದರು ಚನಬಸಪ್ಪನವರು ಸಭೆಯ ಕಡೆ ತಿರುಗಿ. "ಕ್ಷಮಾ ಬ್ಯಾರೆ, ಕ್ವಾಲಿಟಿ ಬ್ಯಾರೆ. ಮೈಕ್ ಪೆಟ್ಟಿಗಿ ಇನ್ನ ಮ್ಯಾಲೆ ನಂಬಿಗಸ್ತನ ಕಡೆ ಇರ್ಲಿ. ಗದ್ದಲ ಇಲ್ಲ, ಗಲಾಟಿ ಇಲ್ಲ, ಪ್ರಸಂಗದಾಗ ಸೈತ ಕಣ್ಣು ಮುಚ್ಚಿ ಧ್ಯಾನಾ ಮಾಡ್ತಾನ. ಏ ಮುನೀಂದ್ರ, ಏಳೋ. ಪೆಟ್ಟಿಗಿ ನಿನ್ನ ಜವಾಬ್ದಾರಿ." ಎಲ್ಲರೂ ಚಪ್ಪಾಳೆ ತಟ್ಟಿದರು.

ಎದ್ದು ಕಣ್ಣುಜ್ಜಿಕೊಂಡ ಮುನೀಂದ್ರನಿಗೆ ಆದದ್ದೆಲ್ಲ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಪಾಸ್ಟರ ಮನೆಗೆ ಹೋಗಿ, ಶಾಂತಿಯ ಒಲೆಯ ಮೇಲಿಂದ ಪೆಟ್ಟಿಗೆಯನ್ನು ಎತ್ತಿ ಹೆಗಲಿಗೇರಿಸಿಕೊಂಡು, ಬೇವಿನ ಮರದ ಕೆಳಗೆ ಕುಸಿದು ಕೂತಿದ್ದ ಜಯಶೀಲರ ಹತ್ತಿರ ಬಂದು ನಿಂತ.

"ಅಯ್ಯನವರೇ, ಮುಂದಿನ ಭಾನುವಾರನೂ ಆರಾಧನೆಗೆ ಮುಂಚೆ ಅರಿಕೆಗೆ ಕೂರ್ತೀರಾ?"

ಜಯಶೀಲರು ಅವನನ್ನು ನೋಡಿದರು, ಅವನ ಹೆಗಲ ಮೇಲಿದ್ದ ಪೆಟ್ಟಿಗೆಯನ್ನು ನೋಡಿದರು. ಮಾತು ಕೊಟ್ಟಾಗಿತ್ತು. ಹಲ್ಲು ಕಚ್ಚಿ, "ಕೂರ್ತೀನಿ ಕಣಪ್ಪ," ಅಂದರು.

"ಹಂಗಾದ್ರೆ ಸರಿ," ಅಂದ ಮುನೀಂದ್ರ ನಿರಾಳವಾಗಿ, ಪೆಟ್ಟಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮನೆಯ ದಾರಿ ಹಿಡಿದ.