ಕಾಕಾನ ನೀರಿನ ಪೈಪು

ನನ್ನ ಮದುವೆಯನ್ನು ನಿಶ್ಚಯಿಸಿದ್ದು ಜಾತಕವಲ್ಲ, ಹತ್ತು ಮಾರು ಉದ್ದದ ಒಂದು ಪ್ಲಾಸ್ಟಿಕ್ ಪೈಪು! ನಗಬೇಡಿ, ಖರೆ ಹೇಳುತ್ತಿದ್ದೇನೆ. ಪೈಪಿನ ಒಡೆಯರು ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಕೊಣ್ಣೂರಿನಲ್ಲಿ ಗೌಂಡಿ. ಮನೆ ಕಟ್ಟುವವರು ನೀರು ತುಂಬಿದ ಪೈಪನ್ನು ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ನಿಲ್ಲುವುದನ್ನು ನೀವು ನೋಡಿರುತ್ತೀರಿ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಯಾವುದು ಎತ್ತರ, ಯಾವುದು ತಗ್ಗು ಎಂದು ತಿಳಿಯುತ್ತದೆ. ಉಳಿದ ಗೌಂಡಿಗಳು ಅದರಿಂದ ಗೋಡೆ ಅಳೆದರೆ, ನಮ್ಮ ಕಾಕಾ ದೇಶ ಅಳೆಯುತ್ತಾರೆ.

ಓದಿದ್ದು ಏಳನೆಯ ಇಯತ್ತೆ. ಆದರೂ ಪತ್ರಿಕೆ ಮುಗಿಸದೆ ಗಾರೆ ಮೆತ್ತುವ ಕರಣಿ ಮುಟ್ಟಿದವರಲ್ಲ. ಸಮುದ್ರದಾಚೆ ಎಲ್ಲೋ ಚಂಡಮಾರುತ ಬೀಸಿದರೆ ಕೊಣ್ಣೂರಿನ ಚಹಾದಂಗಡಿಯಲ್ಲಿ ಕಾಕಾನ ಭಾಷಣ ಶುರು.

“ಒಂದು ಸೇತುವಿ ಮುಳಗಿದ್ರ ಕಬ್ಬಿನ ಗಾಡಿ ನಿಂತ್ವು. ಗಾಡಿ ನಿಂತ್ರ ಸಕ್ರಿ ಇಲ್ಲ. ಸಕ್ರಿ ಇಲ್ಲಂದ್ರ ದಿಲ್ಲಿ ಮಂದೀ ಚಾನೂ ಸಪ್ಪಗ! ದೇಶ ಅನ್ನೂದು ಮಾಳಗಿಯಿಂದ ಮುಳಗೂದಿಲ್ರಿ, ಹೊಸ್ತಲದಿಂದ ಮುಳಗತೈತಿ.”

“ಖರೆ ಐತ್ರಿ ಕಾಕಾ. ಮೊದಲ ನಿಮ್ಮ ಚಾ ಕುಡೀರಿ, ಆರಾಕತ್ತೈತಿ” ಎನ್ನುತ್ತಿದ್ದರು ಅಂಗಡಿಯವರು.

ಗೋಕಾಕದ ಬಟ್ಟೆ ವ್ಯಾಪಾರಿಯೊಬ್ಬರು ಹೊಳೆಗೆ ಹತ್ತಿರದ ಜಾಗದಲ್ಲಿ ಅಂಗಡಿ ಕಟ್ಟಿಸಲು ಕರೆದರು. ನೆಲದಡಿಯಲ್ಲಿ ದೊಡ್ಡ ಗೋದಾಮು ಬೇಕಂತೆ. ಕಾಕಾ ನಕ್ಷೆ ನೋಡಿದವರೇ ಕರಣಿಯನ್ನು ಚೀಲಕ್ಕೆ ಹಾಕಿದರು. “ನಾ ಅಂಗಡಿ ಕಟ್ಟಾಂವ್ರಿ ಸಾವಕಾರ್ರ. ಬಾವಿ ತೋಡಾವ್ರು ಬ್ಯಾರೆ ಅದಾರ!” ಕೆಲಸ ಹೋಯಿತು. ಅವರ ಹೆಂಡತಿ, ನಮ್ಮ ಕಾಕೂ, ಮೂರು ದಿನ ಮಾತು ಬಿಟ್ಟರು. ಕಾಕಾನಿಗೆ ಅದರಿಂದ ಪತ್ರಿಕೆ ಓದಲು ಅನುಕೂಲವೇ ಆಯಿತು.

ಇಂಥವರ ಕೈಯಲ್ಲಿ ನನ್ನ ಮದುವೆಯ ಜವಾಬ್ದಾರಿ! ಅಪ್ಪ ತೀರಿಕೊಂಡಾಗ ನನಗೆ ಮೂರು ವರ್ಷ. ನನ್ನನ್ನೂ ಅವ್ವನನ್ನೂ ತಮ್ಮ ಮನೆಗೆ ಕರೆತಂದವರು ಕಾಕಾ. ಹಾಗಾಗಿ ವರನ ಮನೆ ನೋಡಲು ಅವರೇ ಹೊರಟರು, ಹೆಗಲಿಗೆ ಪೈಪು ಸುತ್ತಿಕೊಂಡು.

ಮೊದಲು ಹುಕ್ಕೇರಿ ಕಡೆಯ ಸಂಬಂಧ. ಹುಡುಗ ಚೆಲುವ, ಪಗಾರ ಚೆನ್ನ, ಮನೆ ಬಂಗಲೆ. ಕಾಕಾ ಚುರುಮುರಿ ಸೂಸಲಾ ತಿಂದರು, ಚಹಾ ಕುಡಿದರು, ಹಿತ್ತಲಿಗೆ ಹೋಗಿ ಅಳೆದು ಬಂದು ಬ್ಯಾಡ ಅಂದುಬಿಟ್ಟರು. ಕಾರಣ? ಹೊಸ್ತಿಲು ಹಿಂದಿನ ಹಳ್ಳದ ದಂಡೆಗಿಂತ ಒಂದು ಗೇಣು ತಗ್ಗು! ನಾನು ಎರಡು ದಿನ ಊಟ ಬಿಟ್ಟೆ.

“ಹುಡುಗನ್ನ ನೋಡೂದು ಬಿಟ್ಟು ಹಳ್ಳ ನೋಡ್ತಾರೇನ್ರಿ ಕಾಕಾ?”

“ದೊಡ್ಡ ದೊಡ್ಡ ಕಂಪನಿಯವ್ರು ಒಂದು ದೇಶಕ್ಕ ರೊಕ್ಕ ಹಾಕೂ ಮುಂದ ಅಲ್ಲಿ ಮಹಾಪೂರ ಬರತೈತೇನು, ಬರ ಬೀಳತೈತೇನು ಅಂತ ನೋಡ್ತಾರಂತ. ರೊಕ್ಕ ಹಾಕಾವ್ರ ನೋಡ್ತಾರ, ಮಗಳ್ನ ಕೊಡಾವ ನೋಡಬಾರದೇನು?”

ನಾನು ಎದ್ದು ರೊಟ್ಟಿ ತಿಂದೆ.

ಆಮೇಲೆ ಬಂದದ್ದು ಮೂಡಲಗಿ ಕಡೆಯ ಹೊಳೆದಂಡೆಯ ಹಳ್ಳಿಯ ಸಂಬಂಧ. ಮನೆಯ ಎದುರಿನ ಗುಡಿಯ ಗೋಡೆಯಲ್ಲಿ ಹಳೆಯ ಮಹಾಪೂರದ ನೀರಿನ ಗುರುತಿತ್ತು. ಕಾಕಾ ಪೈಪಿನ ಒಂದು ತುದಿಯನ್ನು ಅಲ್ಲಿ ಹಿಡಿದರು. ಇನ್ನೊಂದು ತುದಿಗೆ ಜನ ಬೇಕಲ್ಲ? ಹೊಸ್ತಿಲಲ್ಲಿ ನಿಂತಿದ್ದ, ಮುಂದೆ ನನ್ನ ಅತ್ತೆಯಾಗಲಿದ್ದವರ ಕೈಗೇ ಕೊಟ್ಟರು! ಅವರು ಸೆರಗು ಸರಿಮಾಡಿಕೊಳ್ಳಲು ಹೋದರೆ ಓಣಿಯಾಚೆಯಿಂದ ಗರ್ಜನೆ: “ಅಲ್ಲಾಡಬ್ಯಾಡ್ರಿ ಬೀಗತೇರ, ದೇಶದ ಲೆಕ್ಕ ತಪ್ಪತೈತಿ!” ಓಣಿಗೆ ಓಣಿಯೇ ನಕ್ಕಿತು. ಹೊಸ್ತಿಲು ಗುರುತಿಗಿಂತ ಎರಡು ಮೊಳ ಎತ್ತರವಿತ್ತು. ಹುಡುಗನ ಪಗಾರ ಕೇಳದೆಯೇ ಕಾಕಾ ಸಂಬಂಧ ಒಪ್ಪಿ ಎಲೆ ಅಡಿಕೆ ಹಿಡಿದರು.

ಕಳೆದ ಮಳೆಗಾಲದಲ್ಲಿ ಹೊಳೆ ಆ ಹಳೆಯ ಗುರುತನ್ನೂ ಮುಚ್ಚಿತು. ನಮ್ಮ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಬಂದು, ಹೊಸ್ತಿಲಿಗೆ ಒಂದು ಗೇಣು ಇರುವಾಗ ನಿಂತಿತು. ಓಣಿಯ ಆರು ಮನೆಯ ಮಂದಿ, ಅವರ ಜೋಳದ ಚೀಲ, ಕೋಳಿ, ಆಡು ಎಲ್ಲ ನಮ್ಮ ಪಡಸಾಲೆಯಲ್ಲಿ. ಅಂದು ನಕ್ಕವರೇ ಇಂದು ಕಾಕಾನ ಹೆಸರಿಗೆ ಕೈಮುಗಿದರು. ನನಗೋ ಹೆಮ್ಮೆಯೋ ಹೆಮ್ಮೆ! ಹೇಳೋಣವೆಂದು ಕಾಕಾನಿಗೆ ಫೋನ್ ಹಚ್ಚಿದೆ.

“ನಿನ್ನ ಹೊಸ್ತಲಾ?” ಎಂದರು, ಹಲೋ ಕೂಡ ಅನ್ನದೆ.

“ಒಣಗೇ ಐತ್ರಿ ಕಾಕಾ. ನೀವೆಲ್ಲಿದ್ದೀರಿ? ಏನದು ಗದ್ದಲಾ?”

“ಎಲ್ಲಾರೂ ಕನ್ನಡ ಸಾಲ್ಯಾಗ ಅದೀವಿ. ಮನ್ಯಾಗ ಕಿಡಕಿಮಟಾ ನೀರು.”

ನಾನು ಆಡಿ ಬೆಳೆದ ಮನೆ! ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. “ಊರ ಮಂದಿ ಹೊಸ್ತಲೆಲ್ಲಾ ಅಳೆದ್ರಿ. ನಿಮ್ಮ ಹೊಸ್ತಲಕ್ಕ ಒಮ್ಮೆನೂ ಪೈಪ್ ಹಿಡೀಲಿಲ್ಲೇನ್ರಿ?”

ಗದ್ದಲ ದೂರವಾಯಿತು; ಕಾಕಾ ಹೊರಗೆ ಬಂದಿರಬೇಕು.

“ಎಲ್ಲಕ್ಕಿಂತ ಮೊದಲ ಅದಕ್ಕ ಹಿಡಿದಿದ್ದೆ ಯವ್ವಾ. ನನ್ನ ಮನಿ ಎಷ್ಟು ತಗ್ಗೈತಿ ಅಂತ ಗೊತ್ತಾದ ಮ್ಯಾಲೇ ನಿನಗ ಎತ್ತರದ ಮನಿ ಹುಡುಕಾಕ ಹೊಂಟಿದ್ದು.”

ನೀರಿಳಿದ ಮೇಲೆ ನಾನೂ ನನ್ನ ಯಜಮಾನರೂ ಕೊಣ್ಣೂರಿಗೆ ಹೋದೆವು. ನಮ್ಮ ಖರ್ಚಿನಲ್ಲೇ ಹೊಸ ಅಡಿಪಾಯ ಎತ್ತರಿಸಿ ಕಟ್ಟುವುದೆಂದು ತೀರ್ಮಾನವಾಗಿತ್ತು. ಕಾಕಾ ಬೇಡವೆಂದರೂ ಈ ಸಲ ಕೇಳುವವರು ಯಾರೂ ಇರಲಿಲ್ಲ. ಕೆಸರು ಮೆತ್ತಿದ ಅಂಗಳದಲ್ಲಿ ಪೈಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ನನ್ನ ಕಣ್ಣು ತುಂಬಿ ನೀರಿನ ಮಟ್ಟವೇ ಕಾಣಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋದೆ.

“ಅಲ್ಲಾಡಬ್ಯಾಡ ಯವ್ವಾ,” ಎಂದರು ಕಾಕಾ, ಮೆಲ್ಲಗೆ, “ದೇಶದ ಲೆಕ್ಕ ತಪ್ಪತೈತಿ.”