ಇಪ್ಪತ್ತು ಎಂ.ಎಲ್. ಎಣ್ಣೆಯ ಕಾಕಾ

ನಮ್ಮ ಕಾಕಾನಿಗೆ ತಮ್ಮ ಮದುವೆಯಾಗಿ ಎಷ್ಟು ವರ್ಷವಾಯಿತೆಂಬುದು ಗೊತ್ತಿಲ್ಲ. ಕೇಳಿದರೆ ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಮುಖ ನೋಡುತ್ತಾರೆ. ಆದರೆ ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಎಣ್ಣೆ ಎಂದು ಕೇಳಿ ನೋಡಿ! ನಿದ್ದೆಗಣ್ಣಿನಲ್ಲೂ "ಇಪ್ಪತ್ತು ಎಂ.ಎಲ್." ಎನ್ನುತ್ತಾರೆ. ಹತ್ತೊಂಬತ್ತೂ ಅಲ್ಲ, ಇಪ್ಪತ್ತೊಂದೂ ಅಲ್ಲ!

ತಿಳವಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಮರ ಕೊಯ್ಯುವ ಮಷಿನ್ ಇರುವುದು ಅವರೊಬ್ಬರಲ್ಲೇ. ಹಾನಗಲ್ಲಿನ ಮಾವಿನ ತೋಪಿನಿಂದ ಹಿಡಿದು ಹಿರೇಕೆರೂರಿನ ಬದುವಿನ ಜಾಲಿಯವರೆಗೆ ಎಲ್ಲಿ ಟೊಂಗೆ ಮುರಿದರೂ ಅವರಿಗೇ ಫೋನು. ಈ ಮಷಿನ್ನಿಗೆ ಬರೀ ಪೆಟ್ರೋಲ್ ಕುಡಿಸುವಂತಿಲ್ಲ, ಅಳತೆ ಹಿಡಿದು ಎಂಜಿನ್ ಎಣ್ಣೆ ಬೆರೆಸಬೇಕು. ಹೆಚ್ಚಾದರೆ ಹೊಗೆ, ಇಲ್ಲದಿದ್ದರೆ ಎಂಜಿನ್ ಒಳಗೇ ಕಾದು, ಕಚ್ಚಿಕೊಂಡು, ಸತ್ತೇ ಹೋಗುತ್ತದೆ. ಕಾಕಾ ಆ ಒಂದೇ ಮಷಿನ್ನನ್ನು ಹನ್ನೆರಡು ವರ್ಷ ಬದುಕಿಸಿದ್ದರು. ಕಾಕುವಿಗೆ ಅದು ಸವತಿ.

ಅಳತೆಗೆ ಅವರು ಬಳಸುತ್ತಿದ್ದುದು ಸೂಜಿಯಿಲ್ಲದ ಇಪ್ಪತ್ತು ಎಂ.ಎಲ್. ಸಿರಿಂಜು. ಅದು ಸದಾ ಅಂಗಿಯ ಕಿಸೆಯಲ್ಲಿ. ಮೊದಲ ಸಲ ಕೊಳ್ಳಲು ಹೋದಾಗ ಔಷಧಿ ಅಂಗಡಿಯವರು, "ಯಾರಿಗ್ರಿ, ಮನ್ಯಾಗ ಯಾರಿಗೆ ಆರಾಮಿಲ್ಲ?" ಎಂದು ಕೇಳಿದರಂತೆ.

"ಪೆಟ್ರೋಲಿಗ್ರಿ," ಎಂದು ಹೇಳಿ ಇವರು ಬಂದುಬಿಟ್ಟರು.

ಅವರ ಕಿವಿಯ ಕಥೆ ಇನ್ನೂ ವಿಚಿತ್ರ. ಹಂಸಭಾವಿಯಲ್ಲಿ ಕಾಕುವಿನ ತಂಗಿಯ ಮಗಳ ಮದುವೆ. ಎಲ್ಲರ ಕೈಯಲ್ಲೂ ಅಕ್ಕಿಕಾಳು, ಇನ್ನೇನು ತಾಳಿ ಕಟ್ಟಬೇಕು. ಆಗಲೇ ಎಲ್ಲೋ ಹೊಲದ ಕಡೆಯಿಂದ ಮಷಿನ್ನಿನ ಸದ್ದು! ಕಾಕಾನ ಮುಖ ಬದಲಾಯಿತು. "ಎಣ್ಣಿ ಕಡಿಮಿ ಆಗೇತಿ," ಎಂದವರೇ ಧೋತರ ಎತ್ತಿ ಕಟ್ಟಿ ಓಡಿದರು. ಯಾರದೋ ಹೊಲ, ಯಾರದೋ ಮಷಿನ್. ಅದನ್ನು ನಿಲ್ಲಿಸಿ, ಕಿಸೆಯಿಂದ ಸಿರಿಂಜು ತೆಗೆದು, ಸರಿಯಾಗಿ ಬೆರೆಸಿಕೊಟ್ಟು ಬರುವಷ್ಟರಲ್ಲಿ ಇಲ್ಲಿ ಊಟದ ಎರಡನೆಯ ಪಂಕ್ತಿ ಎದ್ದಿತ್ತು. ಅಕ್ಕಿಕಾಳು ಎಲ್ಲಿ ಎಂದು ಕಾಕು ಕೇಳಿದರು. ಆ ಮಷಿನ್ನಿನ ಮೇಲೇ ಬಿದ್ದಿದ್ದವು.

ಇಂಥವರ ಮನೆಯಲ್ಲಿ, ಹೋದ ಮುಂಗಾರಿನ ಒಂದು ಮುಂಜಾನೆ, ಪೆಟ್ರೋಲ್ ಬೆರೆಸಿದ್ದು ಕಾಕು! ಗಂಡ ಜಳಕಕ್ಕೆ ಹೋಗಿದ್ದಾರೆ, ಸ್ವಲ್ಪ ಕೈಜೋಡಿಸೋಣ ಎಂಬ ಒಳ್ಳೆಯ ಮನಸ್ಸು ಅಷ್ಟೆ. ನಮ್ಮ ಕಡೆ ಜೋಳ ಅಳೆದು ಕೊಟ್ಟವರು ಕೊನೆಗೆ ಒಂದು ಬೊಗಸೆ ಕೊಸರು ಹಾಕಲೇಬೇಕು. ಕೊಸರಿಲ್ಲದ ಅಳತೆ ಜಿಪುಣರ ಅಳತೆ. ಕಾಕು ಸಿರಿಂಜಿನಿಂದ ಕರಾರುವಾಕ್ಕಾಗಿ ಅಳೆದು, ಆಮೇಲೆ ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಕೊಸರಾಗಿ ಸುರಿದಿದ್ದರು.

ಮಷಿನ್ ಚಾಲೂ ಆದದ್ದೇ ತಡ, ಬಣವೆಗೆ ಬೆಂಕಿ ಬಿತ್ತೆಂದು ಓಣಿಯವರೆಲ್ಲ ಕೊಡ ಹಿಡಿದು ಓಡಿ ಬಂದರು!

"ಇದಕ್ಕೂ ಕೊಸರು ಹಾಕೀ?" ಎಂದರು ಕಾಕಾ, ಕೆಮ್ಮುತ್ತ.

"ಜ್ವಾಳಕ್ಕ ಹಾಕ್ತೇವಿ. ಮಷಿನ್ ಏನ್ ಪಾಪ ಮಾಡೇತ್ರಿ?"

ಕಾಕಾ ಬೆರೆಸಿದ್ದಷ್ಟನ್ನೂ ಹಿತ್ತಿಲ ಕುಣಿಗೆ ಸುರಿದರು. ನಾಳೆ ತಿಳವಳ್ಳಿಯಿಂದ ಹೊಸ ಎಣ್ಣೆ ತಂದರಾಯಿತು ಎಂದುಕೊಂಡರು.

ಮಧ್ಯಾಹ್ನ ಗಾಳಿ ಎದ್ದಿತು. ಎಂಥ ಗಾಳಿ ಅಂತೀರಿ! ಹಿಂದಿನ ಮನೆಯ ನೀಲವ್ವನ ಬೇವಿನ ಮರ ಬುಡಸಮೇತ ಅವಳ ಕೊಟ್ಟಿಗೆಯ ಮೇಲೆ ಬಿತ್ತು. ಒಳಗೆ ತುಂಬು ಗಬ್ಬದ ಎಮ್ಮೆ. ಒಂಟಿ ಹೆಂಗಸು ನೀಲವ್ವ; ಅದರ ಹಾಲಿನಿಂದಲೇ ಅವಳ ಒಲೆ ಉರಿಯುತ್ತಿದ್ದುದು. ದಪ್ಪ ಬೊಡ್ಡೆ ತೊಲೆಯ ಮೇಲೆ ಕೂತು, ತೊಲೆ ಬಾಗಿ, ಎಮ್ಮೆಯ ಹೊಟ್ಟೆಗೆ ಒತ್ತುತ್ತಿತ್ತು. ಯಾರೋ ಒಂದು ಕೊಡಲಿ ಏಟು ಹಾಕಿದರು. ಆ ಅದುರಿಗೆ ಮರ ಇನ್ನಷ್ಟು ಕೆಳಗಿಳಿಯಿತು, ಎಮ್ಮೆ ಒದರಿತು.

ಕಾಕಾ ಮಷಿನ್ ಹೊತ್ತು ಬಂದರು. ಟ್ಯಾಂಕು ಖಾಲಿ, ಎಣ್ಣೆಯ ಡಬ್ಬಿಯಲ್ಲಿ ಹನಿಯೂ ಇಲ್ಲ. ತಿಳವಳ್ಳಿಗೆ ಹೋಗಿ ತರುವವರೆಗೆ ಆ ತೊಲೆ ತಡೆಯುವಂತಿರಲಿಲ್ಲ. ಕಾಕು ಸೇಂಗಾ ಎಣ್ಣೆಯ ಗಿಂಡಿ ಹಿಡಿದು ಓಡಿ ಬಂದರು!

"ಮಿರ್ಚಿ ಕರ್ಯಾಕಲ್ಲ ಇದು. ಇದನ್ನ ಹಾಕಿ ಮಷಿನ್ ನಡುವ ನಿಂತ್ರ ಎಮ್ಮಿ ಉಳಿಯೂದಿಲ್ಲ," ಎಂದರು ಕಾಕಾ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಗಾಡಿ ಪೆಟ್ರೋಲ್ ತಗಿ," ಎಂದರು.

"ಬರೇ ಪೆಟ್ರೋಲ್? ಮಷಿನ್ ಸತ್ತ್ ಹೊಕ್ಕೇತಲ್ರಿ ಕಾಕಾ."

"ಗೊತ್ತೈತಿ. ತಗಿ."

ತಾವೇ ಸುರಿದರು. ಮಷಿನ್ ಕೂಗಿತು. ನನ್ನಂಥವನ ಕಿವಿಗೂ ಸದ್ದು ಒಣಗುತ್ತಿರುವುದು ಗೊತ್ತಾಗುತ್ತಿತ್ತು. ಕಾಕಾ ಹಲ್ಲು ಕಚ್ಚಿ ಕೊಯ್ದರು. ಎರಡು ಸಲ ನಿಲ್ಲಿಸಿ ಆರಲು ಬಿಟ್ಟು ಮತ್ತೆ ಹಗ್ಗ ಎಳೆದು ಚಾಲೂ ಮಾಡಿದರು. ಮೂರನೆಯ ಸಲ ಬೊಡ್ಡೆ ತುಂಡಾಗಿ ಆಚೆ ಉರುಳಿತು. ಜನ ತೊಲೆ ಎತ್ತಿದರು, ಎಮ್ಮೆ ಹೊರಗೆ ಬಂತು! ಅಷ್ಟರಲ್ಲಿ ಮಷಿನ್ ಕಿರ್ರೆಂದು ಕಚ್ಚಿಕೊಂಡಿತು. ಕಾಕಾ ಹಗ್ಗ ಎಳೆದರು. ಅದು ಅಲುಗಲಿಲ್ಲ. ಇನ್ನೊಮ್ಮೆ ಎಳೆಯಲಿಲ್ಲ.

ಮರುದಿನ ಬೆಳಿಗ್ಗೆ ಎಮ್ಮೆ ಈಯಿತು. ನಾನು ಹೋಗುವಷ್ಟರಲ್ಲಿ ಕಾಕಾ ಅಲ್ಲೇ ಇದ್ದರು. ನೀಲವ್ವ ಅಳುತ್ತಿದ್ದಳು: "ಯಣ್ಣಾ, ನನ್ನ ಸಲುವಾಗಿ ನಿನ್ನ ಮಷಿನ್ ಹಾಳಾತಲ್ಲೋ."

"ಸುಮ್ನಿರವ್ವಾ, ಇದಕ್ಕ ನಿಂದರಾಕ ಬರವಲ್ದು ನೋಡು," ಎಂದು ಕಾಕಾ ಹಸಿಹಸಿ ಕರುವನ್ನು ಎತ್ತಿ ಕೆಚ್ಚಲಿಗೆ ಹಿಡಿದರು.

ಇಷ್ಟು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೇನೆ. ಅವತ್ತು ಅವರ ಕಾಲು ಮುಟ್ಟಬೇಕೆನಿಸಿತು. ಕರು ಚಪ್ಪರಿಸಿ ಕುಡಿಯುತ್ತಿತ್ತು. ಅದು ಜಾರದಂತೆ ಕಾಕಾ ಎರಡೂ ಕೈಯಿಂದ ಹಿಡಿದು ಕೂತಿದ್ದರು. ತಲೆ ಎತ್ತಲಿಲ್ಲ, ಕಣ್ಣೊರೆಸಿಕೊಳ್ಳಲು ಕೈಯನ್ನೂ ಬಿಡಲಿಲ್ಲ.